ಗಿರಿ ಇದಾನಾ ಮನೇಲಿ?

ಆಗಸ್ಟ್ ೨೪, ಭಾನುವಾರ

ತಮ್ಮಾ ಗಿರಿ, ಗೌರಿ ಹಬ್ಬ ಹತ್ತಿರ ಬಂತೆಂದು ತಿಳಿಯಲು ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಬೇಕಾಗಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಪೊಲೀಸ್ ಭೀಮರಾಜ್ ಬಂದು ಗೇಟಿನ ಚಿಲಕವನ್ನು ಲಾಠಿಯ ತುದಿಯಿಂದ ತಟ್ಟಿ, ಬೀದಿಗೆಲ್ಲ ಕೇಳುವ ಹಾಗೆ ಕೇಳಿದರು:

“ಗಿರಿ ಇದಾನಾ ಮನೇಲಿ?”

“ಇನ್ನೂ ಬಂದಿಲ್ಲ ಕಣಪ್ಪ.”

“ಸರಿ ಲಕ್ಕಮ್ಮೋರೆ.”

ಆಮೇಲೆ ಮೊಬೈಲಿನಲ್ಲಿ ಮನೆಯ ಒಂದು ಫೋಟೋ ತೆಗೆದು, ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋದರು. ಗಣೇಶನಿಗೆ, ಯುಗಾದಿಗೆ, ಎಲೆಕ್ಷನ್ನಿಗೆ, ಡಿಸೆಂಬರ್ ಮೂವತ್ತೊಂದಕ್ಕೆ ಈ ಪ್ರಶ್ನೆ ತಪ್ಪಿದ್ದಿಲ್ಲ. ಪೊಲೀಸರು ಬದಲಾಗಿದ್ದಾರೆ, ಮಾತು ಬದಲಾಗಿಲ್ಲ. ನನ್ನ ಉತ್ತರವೂ ಅಷ್ಟೇ.

ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಬಾಲ್ಕನಿಯಿಂದ ಬಗ್ಗಿ ನೋಡಿದರು. ಬಿಂದುಶ್ರೀ ಸಿಟ್ಟಿನಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀನು ಬಿಟ್ಟು ಹೋದಾಗ ನಿನ್ನ ಮಗಳು ಒಂದನೇ ಕ್ಲಾಸಿಗೆ ಸೇರಬೇಕಿತ್ತು. ಈಗ ಅವಳಿಗೆ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿದೆ ಕಣೋ. ಆದರೆ ಒಳಗೆ ಬಿಡುವ ಪಾಸಿಗೆ ಪೊಲೀಸರು ಸರಿ ಎನ್ನಬೇಕಂತೆ. ಅವರ ವರದಿಯಲ್ಲಿ “ಸದರಿ ವಿಳಾಸದಲ್ಲಿ ರೌಡಿ ಶೀಟರ್ ವಾಸವಾಗಿರುತ್ತಾನೆ” ಎಂದು ಬಂದಿದೆ. ಪಾಸು ನಿಂತಿದೆ. ಕಂಪನಿಯವರು ಡಿಸೆಂಬರ್ ಕೊನೆಯವರೆಗೆ ಕಾಯುತ್ತಾರಂತೆ.

ಮಧ್ಯಾಹ್ನ ಅವಳು, “ಅತ್ತೆ, ಅಪ್ಪ ನಿಜವಾಗ್ಲೂ ಏನ್ ಮಾಡಿದ್ರು? ಇವತ್ತಾದ್ರೂ ಪೂರ್ತಿ ಹೇಳಿ,” ಅಂದಳು. ಹೇಳಿದೆ. ಊರಿಗೆಲ್ಲ ಸೇರಿದ ಅಬ್ಬಿಗೆರೆಯ ಗುಂಡುತೋಪಿಗೆ ಲೇಔಟಿನವರು ಕಾಂಪೌಂಡ್ ಎಬ್ಬಿಸಿದ್ದು, ಊರಿನ ಹುಡುಗರು ಸೇರಿ ಗೋಡೆ ಬೀಳಿಸಿದ್ದು, ಆ ಗಲಾಟೆಯಲ್ಲಿ ಕಾವಲಿನವನ ಕಾಲು ಮುರಿದದ್ದು, ನಿನ್ನ ಮೇಲೂ ನಿನ್ನ ಗೆಳೆಯ ಅಕ್ಬರ್ ಪಾಷಾ ಮೇಲೂ ಕೇಸು ಬಿದ್ದದ್ದು, ಠಾಣೆಯಲ್ಲಿ ರೌಡಿ ಶೀಟ್ ತೆರೆದದ್ದು. ಕೋರ್ಟು ಇಬ್ಬರನ್ನೂ ನಿರ್ದೋಷಿಗಳೆಂದು ಬಿಟ್ಟಿತು. ಆದರೆ ಶೀಟ್ ಹಾಗೇ ಉಳಿಯಿತು. ಮುಂದಿನ ಎಲೆಕ್ಷನ್ ಬಂದಾಗ ನಿಮ್ಮನ್ನೆಲ್ಲ ಮೈದಾನಕ್ಕೆ ಕರೆಸಿ ರೌಡಿ ಪರೇಡ್ ಮಾಡಿದರು. ಮೊಣಕಾಲೂರಿ ಕೂರಿಸಿ ಟೀವಿಯವರ ಮುಂದೆ ಬೈದರು. ಅವತ್ತು ಹೋದವನು ನೀನು ಮನೆಗೆ ಬರಲಿಲ್ಲ.

“ಅಂದ್ರೆ ಕೋರ್ಟಲ್ಲಿ ಕ್ಲೀನು, ಸ್ಟೇಷನ್ನಲ್ಲಿ ರೌಡಿ?” ಅಂದಳು.

“ಊಂ ಕಣವ್ವ.”

“ತೆಗೆಸೋಣ ಅತ್ತೆ ಅದನ್ನ.”

ತೆಗೆಸುತ್ತೇನೆ ಗಿರಿ. ಅಂಗಡಿಯ ಪೊಟ್ಟಣದ ಕಾಗದ ಬಿಡಿಸಿ ಬಿಡಿಸಿ ಅಕ್ಷರ ಕಲಿತವಳು ನಿನ್ನಕ್ಕ. ಕೇರಿಯವರ ನೆಂಟರಿಗೆಲ್ಲ ಕಾಗದ ಬರೆದುಕೊಟ್ಟೆ. ನಿನಗೊಬ್ಬನಿಗೆ ಬರೆದದ್ದು ಮಾತ್ರ ವಿಳಾಸವಿಲ್ಲದೆ ಈ ಪುಸ್ತಕದಲ್ಲೇ ಉಳಿಯುತ್ತದೆ. ನೀನು ಬಂದಾಗ ಒಟ್ಟಿಗೆ ಓದಿಕೊ.

ಆಗಸ್ಟ್ ೩೦, ಶನಿವಾರ

ನಾನು, ನಿನ್ನ ಹೆಂಡತಿ, ಬಿಂದು, ಮೂವರೂ ಠಾಣೆಗೆ ಹೋಗಿದ್ದೆವು. ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದಲೇ ಕೂರಿಸಿದರು.

“ಶೀಟ್ ಮುಚ್ಚೋಕೆ ನಮ್ದೇನೂ ಅಡ್ಡಿ ಇಲ್ಲಮ್ಮ. ಆಸಾಮಿ ಬಂದು ಇನ್ಮೇಲೆ ಗಲಾಟೆಗೆ ಹೋಗಲ್ಲ ಅಂತ ಮುಚ್ಚಳಿಕೆ ಬರ್ಕೊಡ್ಲಿ. ಮೇಲಕ್ಕೆ ಕಳಿಸ್ತೀವಿ.”

“ಆಸಾಮಿ ಇಲ್ಲ ಸಾಮಿ. ಓಗಿ ಅದಿನೇಳು ವರ್ಸ ಆಯ್ತು.”

“ಹಂಗಾದ್ರೆ ಡೆತ್ ಸರ್ಟಿಫಿಕೇಟ್ ತನ್ನಿ. ಸತ್ತೋರ ಶೀಟು ನಮಗ್ಯಾಕೆ?”

“ಅವ್ನು ಸತ್ತಿಲ್ಲ.”

“ಬದುಕಿದಾನೆ ಅಂತ ಹೆಂಗ್ ಹೇಳ್ತೀರ?”

“ಸತ್ತ ಅಂತ ಯಾರೂ ಏಳಿಲ್ಲ ಸಾಮಿ,” ಎಂದೆ.

“ಕಾಣೆಯಾಗಿದಾನೆ ಅಂತ ಆವಾಗ್ಲೇ ಕಂಪ್ಲೇಂಟ್ ಕೊಡ್ಬೇಕಿತ್ತಲ್ಲ?” ಎಂದು ಕೇಳಿದರು. ನಮ್ಮವ್ವ ಬದುಕಿದ್ದ ಕಾಲ ಅದು. ಯಾವ ಠಾಣೆಯವರು ನನ್ನ ಮಗನನ್ನು ಮಣ್ಣಿನ ಮೇಲೆ ಮೊಣಕಾಲೂರಿಸಿದರೋ ಅವರ ಮುಂದೆಯೇ ಹೋಗಿ ಹುಡುಕಿಕೊಡಿ ಎಂದು ಕೈಮುಗಿಯಬೇಕೇ ಎಂದು ಅವ್ವ ಹಟ ಹಿಡಿದಳು. ಇದನ್ನು ಆ ಹುಡುಗನ ಮುಂದೆ ಹೇಗೆ ಹೇಳಲಿ? ತಲೆ ತಗ್ಗಿಸಿದೆ.

ಅವರು ಪೆನ್ನು ಹಿಡಿದು ಜ್ಯೋತಿಲಕ್ಷ್ಮಿಯ ಕಡೆ ತಿರುಗಿದರು. “ನಿಮ್ಮ ಗಂಡನ ಹೆಸರು ಹೇಳಿ.”

ನಿನ್ನ ಹೆಂಡತಿ ನನ್ನ ಮುಖ ನೋಡಿದಳು. ಮದುವೆಯಾದ ದಿನ ಗಂಡನ ಹೆಸರನ್ನು ಒಗಟು ಕಟ್ಟಿಯಾದರೂ ಹೇಳು ಎಂದರೂ ಬಾಯಿ ಬಿಡದವಳು ಅವಳು. ರೇಷನ್ ಕಾರ್ಡಿನವರು ಬಂದಾಗಲೂ ನನ್ನನ್ನೇ ಕರೆಯುತ್ತಿದ್ದಳು. “ಗಿರಿ ಅಂತ ಸಾಮಿ,” ಎಂದೆ ನಾನು.

“ಅವರ ಬಾಯಲ್ಲೇ ಹೇಳ್ಲಿ.”

“ನಮ್ಮಮ್ಮ ಹೇಳಲ್ಲ ಸರ್,” ಅಂದಳು ಬಿಂದು. “ಬೇಕಿದ್ರೆ ನಾನ್ ಹೇಳ್ತೀನಿ, ಬರ್ಕೊಳಿ.”

ವಾಪಸು ಬರುವಾಗ ಬಸ್ಸಿನಲ್ಲಿ ಜಗಳವಾಯಿತು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಕೋರ್ಟು ಸತ್ತನೆಂದು ತಿಳಿದು ಹಾಗೇ ಹೇಳುತ್ತದಂತೆ. ಬಿಂದು ಫೋನಿನಲ್ಲಿ ಅದನ್ನೇ ಓದುತ್ತಿದ್ದಳು.

“ಸಿಂಪಲ್ ಅತ್ತೆ. ಪೇಪರ್ ಮೇಲೆ ಅಷ್ಟೇ.”

“ಪೇಪರ್ ಮ್ಯಾಲೆ ಸತ್ತ ಅಂದ್ರೆ, ನಿಮ್ಮವ್ವನ ಅಣೆ ಮ್ಯಾಲೆ ಏನಿರ್ಬೇಕೇ?”

“ಬರೋ ಹಂಗಿದ್ದಿದ್ರೆ ಬರ್ತಿರ್ಲಿಲ್ವಾ? ಫೋನ್ ಇಲ್ದೇ ಇರೋ ಊರು ಯಾವ್ದಿದೆ ಈಗ?”

ಜ್ಯೋತಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಜಾಲಹಳ್ಳಿ ಕ್ರಾಸ್ ಬಂದಾಗ, “ಇಳೀಬೇಕು ಅತ್ಗೆ,” ಎಂದಳು. ಇಡೀ ದಿನ ಅವಳಾಡಿದ ಮಾತು ಅದೊಂದೇ.

ಸೆಪ್ಟೆಂಬರ್ ೫

ಬರೆಯಲು ಮನಸ್ಸಿಲ್ಲ. ಜ್ಯೋತಿ ಹಣೆಗಿಡುವ ಕುಂಕುಮ ಈಚೆಗೆ ಕಾಸಿನಗಲ ಆಗಿದೆ. ಮಗಳು ಅದನ್ನು ನೋಡಿಯೂ ನೋಡದ ಹಾಗೆ ಓಡಾಡುತ್ತಾಳೆ.

ಗಿರಿ, ಬಂದು ಒಂದು ಸಹಿ ಹಾಕಿ ಹೋಗೋ. ಊಟಕ್ಕೂ ನಿಲ್ಲಬೇಡ.

ಸೆಪ್ಟೆಂಬರ್ ೧೦, ಬುಧವಾರ

ಅಕ್ಬರ್ ಪಾಷಾ ಬಂದಿದ್ದ. ಯಶವಂತಪುರದಲ್ಲಿ ಅದೇ ಟಿಂಕರಿಂಗ್ ಕೆಲಸ, ಗಡ್ಡ ಪೂರ್ತಿ ಬೆಳ್ಳಗಾಗಿದೆ. ನಾನೇ ಹೇಳಿ ಕಳಿಸಿದ್ದೆ. ಅವನ ಶೀಟು ಎಂಟು ವರ್ಷದ ಹಿಂದೆ ಮುಚ್ಚಿದೆ. ಕರೆದಾಗಲೆಲ್ಲ ಹೋಗಿ ಸಹಿ ಹಾಕಿದನಂತೆ, ಕೊನೆಗೆ ಮುಚ್ಚಳಿಕೆ ಬರೆದುಕೊಟ್ಟನಂತೆ.

“ಶೀಟ್ ಮುಚ್ಚಿದ ದಿನ ಬದರುನ್ನೀಸಾ ಬಿರಿಯಾನಿ ಮಾಡಿದ್ಳು ಅಕ್ಕ. ಇಷ್ಟು ವರ್ಷ ಅವಳ ಜೊತೆ ಬಾಳಿದ್ದಕ್ಕೆ ಒಂದಿನಾನೂ ಮಾಡಿರ್ಲಿಲ್ಲ!” ಅಂದ. ನಕ್ಕೆವು. ಜ್ಯೋತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬಿಂದು ರೂಮಿನಲ್ಲಿ ಫೋನಿನಲ್ಲಿದ್ದಳು.

ಜ್ಯೋತಿ ಕಾಫಿ ಲೋಟ ಎತ್ತಿಕೊಂಡು ಹಿತ್ತಲಿಗೆ ಹೋದಳು. ಆಗ ಅವನು ದನಿ ತಗ್ಗಿಸಿದ. “ಅಕ್ಕ, ಒಂದು ಮಾತು ಹೇಳ್ಬೇಕು. ಪರೇಡ್ ಮುಗಿಸ್ಕೊಂಡು ನಾವಿಬ್ರೂ ಯಶವಂತಪುರದಲ್ಲಿ ಬಸ್ಸಿಗೆ ನಿಂತಿದ್ವಿ. ಗಿರಿ ನಲ್ಲಿ ಹತ್ರ ಹೋಗಿ ಪ್ಯಾಂಟಿನ ಮಣ್ಣು ತೊಳ್ಕೊಂಡ. ತೊಳೀತಾನೆ, ತೊಳೀತಾನೆ. ಸಾಕು ಬಾರೋ ಮಗಾ ಅಂದೆ. ‘ಪಾಷಾ, ಬಿಂದು ಟೀವಿ ನೋಡಿರ್ತಾಳಾ?’ ಅಂದ. ಚಿಕ್ ಮಗು, ಅವಳಿಗೇನ್ ಗೊತ್ತಾಗುತ್ತೆ ಅಂದೆ. ಬಸ್ ಬಂತು. ‘ನೀನ್ ಹೋಗು, ಬಟ್ಟೆ ಒಣಗಿದ ಮೇಲೆ ಬರ್ತೀನಿ’ ಅಂದ. ನಾನು ಕಿಟಕಿಯಿಂದ ನೋಡ್ದೆ. ರೈಲ್ವೆ ಸ್ಟೇಷನ್ ಕಡೆ ರೋಡ್ ದಾಟ್ತಿದ್ದ.”

“ಇಷ್ಟು ದಿನ ಯಾಕೋ ಏಳ್ಲಿಲ್ಲ?”

“ಹೇಳಿದ್ರೆ ತಪ್ಪೆಲ್ಲ ಮಗು ತಲೆ ಮೇಲೆ ಬರುತ್ತೆ ಅಂತ.”

ಅವಳು ನೋಡಿದಳು ಗಿರಿ. ಅಪ್ಪ ಟೀವಿಯಲ್ಲಿ ಬಂದನೆಂದು ಚಪ್ಪಾಳೆ ತಟ್ಟಿ ಕುಣಿದಳು. ಪಕ್ಕದ ಮನೆಯವರನ್ನೂ ಕೈಹಿಡಿದು ಕರೆದುಕೊಂಡು ಬಂದಳು. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು. ಅವಮಾನ ಅಂದರೇನೆಂದು ಆ ಕೂಸಿಗೆ ಗೊತ್ತಿರಲಿಲ್ಲ ಕಣೋ. ಅವಳ ಪಾಲಿಗೆ ಅವತ್ತು ನೀನು ದೊಡ್ಡ ಮನುಷ್ಯನಾಗಿದ್ದೆ.

ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು?

ಸೆಪ್ಟೆಂಬರ್ ೧೪, ಭಾನುವಾರ

ಆರ್.ಟಿ. ನಗರದ ಲಾಯರ್ ವೇಣುಗೋಪಾಲ್ ಅವರ ಆಫೀಸಿಗೆ ಬಿಂದುವಿನ ಜೊತೆ ಹೋಗಿ ಬಂದೆ. ಅವತ್ತು ಬಸ್ಸಿನಲ್ಲಿ ಅವಳು ಓದಿದ ದಾರಿಗೇ ಆಗಲಿ ಎಂದುಬಿಟ್ಟೆ. ಹುಡುಗಿಯ ಬದುಕು ನಿಲ್ಲಬಾರದು.

ಕೊನೆಗೆ ನೋಡಿದವರು ಯಾರು, ಎಲ್ಲೆಲ್ಲಿ ಹುಡುಕಿದಿರಿ, ಅವನಿಗೆ ಕಾಯಿಲೆ ಏನಾದರೂ ಇತ್ತಾ ಎಂದೆಲ್ಲ ಕೇಳಿ ಬರೆದುಕೊಂಡರು. ಅವನು ಹೇಗಿದ್ದ ಎಂದೂ ಕೇಳಿದರು. ಎತ್ತರಕ್ಕಿದ್ದ, ಟೆಂಪೋ ಓಡಿಸುತ್ತಿದ್ದ, ಯಶವಂತಪುರದ ಯಾರ್ಡಿನಿಂದ ಈರುಳ್ಳಿ ಸಾಗಿಸುತ್ತಿದ್ದ, ಜೋರಾಗಿ ನಗುತ್ತಿದ್ದ ಎಂದೆ. ಅಮಾವಾಸ್ಯೆ ಕಳೆದ ಮೇಲೆ ಬಂದು ಅಫಿಡವಿಟ್ಟಿಗೆ ಸಹಿ ಹಾಕಬೇಕು. ಜ್ಯೋತಿಯೂ ಹಾಕಬೇಕು.

ಮನೆಗೆ ಬಂದು ಹೇಳಿದಾಗ ಜ್ಯೋತಿ, “ಅತ್ಗೆ, ನೀವು ಹೆಂಗಂದ್ರೆ ಹಂಗೆ,” ಎಂದು ಅಕ್ಕಿ ಆರಿಸುತ್ತಾ ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು.

ಸೆಪ್ಟೆಂಬರ್ ೨೧, ಭಾನುವಾರ, ಮಹಾಲಯ ಅಮಾವಾಸ್ಯೆ

ಹಿರಿಯರಿಗೆ ಎಡೆ ಇಡುವ ದಿನ. ಬೆಳಿಗ್ಗೆಯಿಂದ ನಾನೊಬ್ಬಳೇ ಒಲೆ ಮುಂದೆ ಇದ್ದೆ. ಜ್ಯೋತಿಗೆ ಮೈ ಸರಿಯಿರಲಿಲ್ಲ. ನಾಟಿ ಕೋಳಿ ಸಾರು, ಮುದ್ದೆ, ವಡೆ, ಕಜ್ಜಾಯ. ಅಪ್ಪನ ಎಡೆಗೆ ಎಲೆ ಅಡಿಕೆ, ಹೊಗೆಸೊಪ್ಪು. ಅವ್ವನಿಗೆ ಹೊಸ ಸೀರೆ. ನನ್ನ ಮನೆಯವರಿಗೆ ಒಂದು ಕಟ್ಟು ಬೀಡಿ. ಎಲ್ಲ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಂದಕ್ಕೆಳೆದು ಮೂವರೂ ಜಗಲಿಯಲ್ಲಿ ಕೂತೆವು. ಹಿರಿಯರು ಬಂದು ಉಣ್ಣುವಾಗ ಮನೆಯವರು ಕಣ್ಣಿಗೆ ಬೀಳಬಾರದು.

ಬಾಗಿಲು ತೆರೆದು ಮೊದಲು ಒಳಗೆ ಹೋದವಳು ಜ್ಯೋತಿ. ಹೋದವಳು ಅಲ್ಲೇ ಗೋಡೆ ಹಿಡಿದು ನಿಂತಳು.

ಎಲೆಗಳು ಮೂರಿರಲಿಲ್ಲ, ನಾಲ್ಕಿದ್ದವು. ಮೂರು ಎಲೆಯ ಅಂಚಿಗೆ ಹಸಿ ಈರುಳ್ಳಿ ಹೆಚ್ಚಿಟ್ಟಿದ್ದೆ. ನಾಲ್ಕನೆಯದಕ್ಕೆ ಇಟ್ಟಿರಲಿಲ್ಲ. ದಿನವಿಡೀ ಈರುಳ್ಳಿ ಮೂಟೆಯ ಜೊತೆ ಇದ್ದು ಬರುವ ಗಿರಿ ಮನೆಯಲ್ಲಿ ಅದರ ವಾಸನೆಯೂ ಬೇಡ ಎನ್ನುತ್ತಿದ್ದ. ಅವನಿಗಿಷ್ಟದ ಈಲಿ, ಕೋಳಿಯ ಲಿವರ್ ತುಂಡುಗಳನ್ನೆಲ್ಲ ಹುಡುಕಿ ಆ ಎಲೆಗೇ ಬಡಿಸಿದ್ದೆ.

ದೇವರಾಣೆ, ನಾನು ಯೋಚನೆ ಮಾಡಿ ಇಟ್ಟದ್ದಲ್ಲ. ಕೈಗೆ ಅದು ಹೇಗೆ ಬಂತೋ ತಿಳಿಯದು.

ಜ್ಯೋತಿ ಅಳಲಿಲ್ಲ. ಬಿಂದು ಮಾತ್ರ ಬಗ್ಗಿ, ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನೆಲದ ಮೇಲೆ ಕೂತು ತಿನ್ನತೊಡಗಿದಳು.

“ಅದನ್ನ ಯಾಕವ್ವ ತಿಂತೀಯ? ಎಡೆ ಕಣೇ ಅದು.”

“ಇದು ಎಡೆ ಅಲ್ಲ ಅತ್ತೆ, ಊಟ,” ಅಂದಳು. ಬಾಯ ತುಂಬ ಮುದ್ದೆ, ಕಣ್ಣ ತುಂಬ ನೀರು. “ಲಾಯರ್ಗೆ ಬೇಡ ಅಂತ ಹೇಳ್ಬಿಡಿ.”

“ಕೆಲ್ಸ?”

“ಹೋದ್ರೆ ಹೋಗ್ಲಿ. ನಾನು ಚಪ್ಪಾಳೆ ತಟ್ಟಿದ್ದು ನಂಗೆ ನೆನಪಿದೆ ಅತ್ತೆ. ಪಕ್ಕದ್ಮನೆ ಆಂಟಿ ನನ್ ಕೈ ಬಿಡಿಸ್ಕೊಂಡು ಎದ್ದು ಹೋಗಿದ್ದೂ ನೆನಪಿದೆ. ಯಾಕೆ ಅಂತ ಇಷ್ಟು ದಿನ ಗೊತ್ತಿರ್ಲಿಲ್ಲ. ಮೊನ್ನೆ ಪಾಷಾ ಮಾಮ ಹೇಳಿದ್ದು ಕೇಳಿಸ್ತು. ನಾಳೆ ಅಪ್ಪ ಗೇಟ್ ಹತ್ರ ಬಂದು ನಿಂತ್ರೆ, ನೀನು ಸತ್ತಿದೀಯ ಅಂತ ನಾನೇ ಕೋರ್ಟಿಗೆ ಹೇಳ್ದೆ ಅಂತ ಹೆಂಗ್ ಹೇಳ್ಲಿ? ಕೋರ್ಟು ಬಿಟ್ಟಿದೆ ತಾನೆ? ಅದನ್ನೇ ತೋರಿಸಿ ಶೀಟ್ ತೆಗೀರಿ ಅಂತ ಕೇಳೋಣ. ಬದುಕಿರೋರ ಹೆಸರಲ್ಲೇ ಕೇಳೋಣ.”

ಜ್ಯೋತಿ ಅವಳೆದುರು ಕೂತು ಅದೇ ಎಲೆಯಿಂದ ಒಂದು ತುತ್ತು ಮುರಿದುಕೊಂಡಳು. ನನ್ನನ್ನು ಯಾರೂ ಕರೆಯಲಿಲ್ಲ. ನಾನಾಗಿ ಕೂರಲೂ ಇಲ್ಲ.

ಅಕ್ಟೋಬರ್ ೨೨

ದೀಪಾವಳಿ ಮುಗಿಯಿತು. ಈ ಸಲ ಭೀಮರಾಜ್ ಬಂದು ಕೇಳಿದಾಗ, ಬರೀ ‘ಇಲ್ಲಪ್ಪ’ ಎಂದೆ. ಅವರು ಒಂದು ಗಳಿಗೆ ನಿಂತು ನನ್ನ ಮುಖ ನೋಡಿದರು. ಯಾಕೋ ಗೊತ್ತಿಲ್ಲ.

ನವೆಂಬರ್ ೧೨, ಬುಧವಾರ

ಬಿಂದು ವೇಣುಗೋಪಾಲ್ ಅವರ ಜೊತೆ ಕೂತು ಬರೆದ ಅರ್ಜಿಯ ವಿಚಾರಣೆ ಇವತ್ತು ಪೊಲೀಸಿನ ದೊಡ್ಡ ಸಾಹೇಬರ ಆಫೀಸಿನಲ್ಲಿ ನಡೆಯಿತು. ಕೋರ್ಟಿನ ತೀರ್ಪಿನ ನಕಲು ಇಟ್ಟಿದ್ದಳು. ನಮ್ಮ ತಂದೆ ಮನೆ ಬಿಟ್ಟು ಹೋಗಿದ್ದಾರೆ, ಎಲ್ಲಿದ್ದಾರೋ ತಿಳಿಯದು, ಅವರ ಮೇಲೆ ಈಗ ಯಾವ ಕೇಸೂ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಳು.

ಸಾಹೇಬರು ಠಾಣೆಯಿಂದ ಬಂದ ಫೈಲ್ ತೆರೆದರು. ಗೋಡೆ ಪಕ್ಕದಲ್ಲಿ ನಿಂತಿದ್ದ ಭೀಮರಾಜ್ ಕಾಲು ಬದಲಿಸುತ್ತಿದ್ದರು.

“ಏನ್ರೀ ಇದು?” ಎಂದು ಸಾಹೇಬರು ಗಟ್ಟಿಯಾಗಿ ಓದಿದರು. “ಗಣೇಶ ಹಬ್ಬ, ಪರಿಶೀಲಿಸಲಾಗಿ, ಸದರಿ ಗಿರಿ ಮನೆಯಲ್ಲಿಯೇ ಇದ್ದು, ನಡತೆ ತೃಪ್ತಿಕರ. ಯುಗಾದಿ, ಮನೆಯಲ್ಲಿಯೇ ಇದ್ದು, ಕುಟುಂಬದೊಂದಿಗೆ ಶಾಂತಿಯಿಂದ ಜೀವನ ನಡೆಸುತ್ತಿರುತ್ತಾನೆ. ಹೊಸ ವರ್ಷ, ಮನೆಯಲ್ಲಿಯೇ ಇದ್ದು...”

ಹಾಳೆ ಹಿಂದಕ್ಕೆ ತಿರುವಿದರು. ಭೀಮರಾಜರ ಹಿಂದಿನವರು, ಅವರ ಹಿಂದಿನವರು, ಎಲ್ಲರ ಕೈಬರಹದಲ್ಲೂ ಅದೇ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಾವು ಇಲ್ಲಿ ಬಾಗಿಲು ಕಾಯುತ್ತಿದ್ದಷ್ಟು ಕಾಲವೂ ಆ ಫೈಲಿನೊಳಗೆ ಗಿರಿ ಮನೆಯಲ್ಲೇ ಇದ್ದ. ಹಬ್ಬ ಮಾಡುತ್ತಿದ್ದ. ಶಾಂತಿಯಿಂದ ಇದ್ದ.

“ಇವರು ಇಲ್ಲ ಅಂತಾರೆ, ನೀವು ಇದಾನೆ ಅಂತೀರಾ. ಯಾವುದ್ರೀ ನಿಜ?”

ಭೀಮರಾಜ್ ಒಂದು ಹೆಜ್ಜೆ ಮುಂದೆ ಬಂದರು. “ಇಲ್ಲ ಅಂತ ಬರೆದ್ರೆ ಸರ್, ತಲೆಮರೆಸಿಕೊಂಡಿದಾನೆ ಅಂತಾಗುತ್ತೆ. ವಾರ ವಾರ ಈ ಹೆಂಗಸರನ್ನ ಸ್ಟೇಷನ್‌ಗೆ ಕರೀಬೇಕಾಗುತ್ತೆ. ಹಿಂದಿನೋರು ಹಂಗೇ ಬರೆದಿದ್ರು... ನಾನೂ ಹಂಗೇ...”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಜ್ಯೋತಿಯ ಹಣೆ ನೋಡಿದರು, ಬಿಂದುವನ್ನು ನೋಡಿದರು.

“ಅಂತೂ ಇದ್ದಿದ್ರೂ ಅವನಿಂದ ಯಾರಿಗೂ ತೊಂದರೆ ಆಗಿಲ್ಲ, ಇಲ್ಲದಿದ್ರೂ ಆಗಿಲ್ಲ,” ಎಂದು ಹೇಳಿ ಕೆಳಗೆ ಏನೋ ಬರೆದರು. “ಹೋಗ್ಬನ್ನಿ ತಾಯಿ. ಆರ್ಡರ್ ಬರುತ್ತೆ. ಭೀಮರಾಜ್, ನೀವು ಇರ್ರಿ.”

ಹೊರಗೆ ಹುಣಸೆ ಮರದ ಕೆಳಗೆ ಕಾದೆವು. ಭೀಮರಾಜ್ ಕೆಂಪಗಾದ ಮುಖದಲ್ಲಿ ಬಂದರು. “ಚೆನ್ನಾಗಿ ಬಿತ್ತು ಲಕ್ಕಮ್ಮೋರೆ. ಪರವಾಗಿಲ್ಲ ಬಿಡಿ,” ಎಂದರು. ಜ್ಯೋತಿ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಅವರಿಗೆ ಕೊಟ್ಟಳು.

ಡಿಸೆಂಬರ್ ೧೯, ಶುಕ್ರವಾರ

ಆರ್ಡರ್ ಬಂತು. ಭೀಮರಾಜರೇ ತಂದರು. ಚಿಲಕ ತಟ್ಟಲಿಲ್ಲ, ಕೂಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದು, “ಅಮ್ಮಾ,” ಎಂದು ಮೆಲ್ಲಗೆ ಕರೆದರು.

ಬಿಂದು ಓದಿ ಹೇಳಿದಳು. ರೌಡಿ ಶೀಟನ್ನು ಮುಕ್ತಾಯಗೊಳಿಸಲಾಗಿದೆ. ಸತ್ತ ಎಂದು ಎಲ್ಲೂ ಇಲ್ಲ. ತಲುಪಿದ್ದಕ್ಕೆ ಆಸಾಮಿಯ ಪರವಾಗಿ ನಾನು ಸಹಿ ಹಾಕಿದೆ. ಪಾಸಿನ ವರದಿಯನ್ನೂ ಬದಲಿಸಿ ಕಳಿಸಿದ್ದಾರಂತೆ. ಜನವರಿಯಲ್ಲಿ ಬಿಂದು ಕೆಲಸಕ್ಕೆ ಸೇರುತ್ತಾಳೆ.

“ಇನ್ಮೇಲೆ ನಾನು ಈ ಗೇಟಿಗೆ ಬರೋ ಹಂಗಿಲ್ಲ ಅಮ್ಮ,” ಎಂದರು ಭೀಮರಾಜ್.

“ಕಾಪಿಗೆ ಬಾರಪ್ಪ.”

“ಬರ್ತೀನಿ,” ಎಂದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗೇಟು ದಾಟಿದ ಮೇಲೆ ಒಮ್ಮೆ ತಿರುಗಿ ಮನೆಯನ್ನು ನೋಡಿದರು. ಫೋಟೋ ತೆಗೆಯಲಿಲ್ಲ.

ಇಷ್ಟು ದಿನ ಬೇಡಿದ್ದು ಸಿಕ್ಕಿತು. ಸಂತೋಷ ಪಡಬೇಕು. ಪಟ್ಟಿದ್ದೇನೆ.

ಡಿಸೆಂಬರ್ ೩೧, ಬುಧವಾರ

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಜಗಲಿಯಲ್ಲಿ ಕೂತೆ. ತಿಂಡಿ ತಿಂದು ಮತ್ತೆ ಬಂದು ಕೂತೆ. ಕಾಫಿಗೆಂದು ಒಂದು ಲೋಟ ಹಾಲು ಎತ್ತಿಟ್ಟಿದ್ದೆ. ಬೀದಿಯಲ್ಲಿ ಪೊಲೀಸ್ ಬೈಕು ಎರಡು ಸಲ ಹೋಯಿತು. ನಮ್ಮ ಮನೆ ಮುಂದೆ ನಿಧಾನವೂ ಆಗಲಿಲ್ಲ.

ಸಾಯಂಕಾಲ ದೀಪ ಹಚ್ಚಿ ಜ್ಯೋತಿ ಹೊರಗೆ ಬಂದಳು.

“ಒಳಗೆ ಬನ್ನಿ ಅತ್ಗೆ, ಚಳಿ. ಬೆಳಿಗ್ಗೆಯಿಂದ ಯಾರನ್ನ ಕಾಯ್ತಿದೀರ?”

“ಯಾರ್ನೂ ಇಲ್ಲ.”

ಅವಳು ಒಳಗಿನಿಂದ ಶಾಲು ತಂದು ನನ್ನ ಹೆಗಲಿಗೆ ಹೊದಿಸಿದಳು.

“ಯಾರೂ ಕೇಳಾಕೆ ಬರ್ಲಿಲ್ಲ ಕಣೇ ಜ್ಯೋತಿ,” ಎಂದೆ. “ಅವ್ನ್ ಎಸ್ರು ಎತ್ತಿ ಗಟ್ಟಿಯಾಗಿ ಕೇಳ್ತಿದ್ದೋರು ಅವ್ರೊಬ್ರೇಯ. ನಾವೇ ಬಾಯಿ ಮುಚ್ಚಿಸ್ಬಿಟ್ವಿ.”

ಜ್ಯೋತಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಗೇಟು ತೆರೆದು ಹೊರಗೆ ಹೋಗಿ, ಮತ್ತೆ ಗೇಟು ಹಾಕಿದಳು. ಅಂಗಡಿಗೇನೋ ಹೊರಟಳು ಎಂದುಕೊಂಡೆ. ಅವಳು ಬೀದಿಯಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು. ಬೆರಳಿನ ಗೆಣ್ಣಿನಿಂದ ಚಿಲಕ ತಟ್ಟಿದಳು. ಒಮ್ಮೆ ಬಾಯಿ ತೆರೆದು ಮುಚ್ಚಿದಳು. ಮತ್ತೆ ತಟ್ಟಿದಳು.

“ಗಿರಿ,” ಎಂದಳು. ದನಿ ಒಡೆಯಿತು. ಇನ್ನೊಮ್ಮೆ, ಮೇಲಿನ ಮನೆಯವರು ಬಾಲ್ಕನಿಗೆ ಬರುವಷ್ಟು ಗಟ್ಟಿಯಾಗಿ ಕೂಗಿದಳು. “ಗಿರಿ ಇದಾರಾ ಮನೇಲಿ?”

ನಾನು ಎದ್ದು ನಿಂತೆ. ಬಿಂದು ಒಳಗಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತಿದ್ದಳು.

ನಿನ್ನ ಹೆಂಡತಿ ನಿನ್ನ ಹೆಸರು ಹಿಡಿದು ಕರೆದಳು ಕಣೋ ಗಿರಿ. ನಾನು ಅವಳಿಗೆ ಹೇಳಿದೆ:

“ಇನ್ನೂ ಬಂದಿಲ್ಲ ಕಣವ್ವ.”